ಕೋಣೆ ಬದಲಾವಣೆಯ ಅರ್ಜಿ

"ಮಗೂನ ಕೆಳಗಿಳಿಸಿ! ಕರ್ಕೊಂಡು ಹೋಗೋರ ಪಟ್ಟಿಯಲ್ಲಿ ಹೆಸರಿಲ್ಲದವರ ಕೈಗೆ ನಾನು ಕೊಡಲ್ಲ!"

ಬಡ ಕುಟುಂಬಗಳ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಆ ಕೇಂದ್ರದ ಬಾಗಿಲಿಗೆ ಟೀಚರ್ ಅಡ್ಡ ನಿಂತಿದ್ದಳು. ಎದುರಿಗೆ, ತಲೆತುಂಬ ಮರದ ಹೊಟ್ಟು ಮೆತ್ತಿಕೊಂಡ ಬಡಗಿ. ಒಂದು ವಾರ ಗೈರುಹಾಜರಾಗಿ ಅಂದೇ ಬಂದಿದ್ದ ಎರಡು ವರ್ಷದ ಗುಬ್ಬಿ ಅವನ ಕುತ್ತಿಗೆ ತಬ್ಬಿಕೊಂಡಿದ್ದಳು.

"ನಾನು ಇವಳ ಸೋದರಮಾವ. ಅಕ್ಕ ತೀರಿಕೊಂಡಳು, ಟೀಚರ್... ಇವಳಿಗೆ ಅಪ್ಪನೂ ಇಲ್ಲ, ಮನೇಲಿ ನಾನೊಬ್ಬನೇ. ಇನ್ಮೇಲೆ ನಾನೇ ಬರೋದು."

ಅವಳ ಕೋಪ ಸರ್ರನೆ ಇಳಿಯಿತು.

ತಿಂಗಳಿಗೊಮ್ಮೆ ಮಕ್ಕಳ ಮನೆಗೆ ಹೋಗಿ, ಆಟದಲ್ಲೇ ಮಾತು ಕಲಿಸುವುದನ್ನು ಮನೆಯವರಿಗೆ ತೋರಿಸುವುದೂ ಅವಳ ಕೆಲಸವೇ. ಬಡಗಿಯ ಮನೆಯಲ್ಲಿ ಆ ಒಂದು ಗಂಟೆ ಬೇಗ ಮುಗಿಯುತ್ತಿತ್ತು. ಆಮೇಲೆ ತನ್ನ ಬಾಡಿಗೆ ಕೋಣೆ. ಅಲ್ಲಿ ನಲ್ಲಿ ತೊಟ್ಟಿಕ್ಕುವುದನ್ನು ಬಿಟ್ಟರೆ ಬೇರೆ ಸದ್ದೇ ಇಲ್ಲ. ಹಗಲೆಲ್ಲ ಹದಿನಾಲ್ಕು ಮಕ್ಕಳನ್ನು ಎತ್ತಿದ ತೋಳುಗಳು ಸಂಜೆಗೆ ಬರಿದು...

ಒಂದು ದಿನ ಬಡಗಿಯ ಎದುರಿಗೇ ಗುಬ್ಬಿ ಟೀಚರ್ ಸೆರಗು ಜಗ್ಗಿ, "ಅಮ್ಮಾ" ಎಂದಳು.

'ಟೀಚರ್ ಅನ್ನು' ಎಂದು ತಿದ್ದಬೇಕಿತ್ತು. ಆದರೆ ಬಾಯಿಂದ ಬಂದದ್ದು, "ಓ ಕಂದಾ!"

ಅಂದೇ ಗುಬ್ಬಿಯನ್ನು ಕೇಂದ್ರದಲ್ಲಿ ಇನ್ನೊಬ್ಬ ಟೀಚರ್ ಇರುವ ಪಕ್ಕದ ಕೋಣೆಗೆ ಕಳಿಸಲು ಅರ್ಜಿ ಬರೆದಳು. ಕಾರಣ: ವೈಯಕ್ತಿಕ.

ಆ ಅರ್ಜಿಯ ಪ್ರತಿ ಬಡಗಿಯ ಕೈ ಸೇರಿತು. ಮರುದಿನದಿಂದ ಗುಬ್ಬಿ ಬರಲಿಲ್ಲ. ಸತತ ಹತ್ತು ದಿನ ಬಾರದಿದ್ದರೆ ಆ ಜಾಗ ಬೇರೆ ಮಗುವಿಗೆ. ಒಂಬತ್ತನೆಯ ದಿನ ಸಂಜೆ ಟೀಚರ್ ಅವನ ಬಾಗಿಲು ತಟ್ಟಿದಳು.

"ನಾಳೆ ಅವಳನ್ನ ಕಳಿಸಿ. ಜಾಗ ಕೈತಪ್ಪಿ ಹೋಗತ್ತೆ!"

"ಗುಬ್ಬಿ ನಿಮ್ಮನ್ನ ಅಮ್ಮ ಅಂದಿದ್ದೇ ತಪ್ಪಾಯ್ತಾ ಟೀಚರ್? ನಾವು ಬೇಡ ಅಂದ್ರೆ ಬಾಯಿಬಿಟ್ಟು ಹೇಳಬಹುದಿತ್ತು."

"ಬೇಡ ಅಂತಲ್ಲ... ನಮ್ಮ ಸಂಬಂಧಿಕರ ಮಗು ನಮ್ಮದೇ ಕೋಣೆಯಲ್ಲಿ ಇರಬಾರದು. ಕೇಂದ್ರದ ನಿಯಮ."

"ಗುಬ್ಬಿ ನಿಮಗೆ ಹೇಗೆ ಸಂಬಂಧ?"

"ಇನ್ನೂ ಆಗಿಲ್ಲ..."

ಬಡಗಿ ಕಣ್ಣು ಪಿಳಿಪಿಳಿ ಬಿಟ್ಟ. ಅರ್ಥವಾಗುತ್ತಿದ್ದಂತೆ ಅವನ ಕಿವಿಗಳು ಕೆಂಪಾದವು.

"ಅಲ್ರೀ, ಅರ್ಜಿ ಕೊಡೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನೀವು ಇಲ್ಲ ಅಂದುಬಿಟ್ಟಿದ್ರೆ? ಮತ್ತೆ ನನ್ನ ಆ ಬಾಡಿಗೆ ಕೋಣೆಗೆ ಒಬ್ಬಳೇ ಹೇಗೆ ಹೋಗಲಿ?"

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದು ಅವಳು ಒಳಗೆ ಬರಲು ದಾರಿ ಬಿಟ್ಟ.

"ನಾಳೆ ಇವಳನ್ನ ಪಕ್ಕದ ಕೋಣೆಗೇ ಬಿಡ್ತೀನಿ."

"ನಿಜವಾಗ್ಲೂ?"

"ನಿಯಮ ಅಂದ್ರೆ ನಿಯಮ ಅಲ್ವೇನ್ರೀ?"