ಎಲೆ ಉದುರುವ ಕಾಲದ ಕನಸು

"ನಿನ್ನೆ ಮತ್ತೆ ನನ್ನ ಕನಸಿಗೆ ಬಂದಿದ್ದೆ ಕಣೇ," ಎಂದೆ, ಗೋಡೆಯಾಚೆಗೆ ಕತ್ತು ಚಾಚಿ.

ಪಕ್ಕದ ಮನೆಯ ಮೆಲಿಟ್ಟ ಅಂಗಳದಲ್ಲಿ ಅಂಜೂರ ಒಣಹಾಕುತ್ತಿದ್ದಳು. ತಲೆ ಎತ್ತಲಿಲ್ಲ, ಕೆನ್ನೆ ಮಾತ್ರ ನಕ್ಕಿತು.

"ನಾನ್ಯಾಕೆ ಬರ್ಲಿ? ಅಮ್ಮನ ಪಕ್ಕ ಗೊರಕೆ ಹೊಡೀತಾ ಮಲಗಿದ್ದೆ."

"ನೀನಲ್ಲ, ನಿನ್ನ ಬಿಂಬ. ಎಲ್ಲರ ಮೈಯಿಂದ್ಲೂ ಈರುಳ್ಳಿ ಸಿಪ್ಪೆಗಿಂತ ತೆಳ್ಳನೆ ಬಿಂಬಗಳು ಕಳಚ್ತಾನೇ ಇರ್ತವಂತೆ. ಗಾಳೀಲಿ ತೇಲ್ಕೊಂಡು ಬಂದು ಮಲಗಿರೋರ ಮೈಯೊಳಗೆ ನುಸುಳ್ತವಂತೆ. ಬಿಂಬ ಯಾರದ್ದೋ ಅವರ ಮನಸ್ಸಿನ ಆಸೇನೂ ಜೊತೇಲೇ ಅಂಟ್ಕೊಂಡಿರುತ್ತೆ ಅಂತಾರೆ ನಮಗೆ ಪಾಠ ಹೇಳೋ ಗುರುಗಳು."

"ಹಂಗಾದ್ರೆ ನನ್ನ ಬಿಂಬಕ್ಕೆ ಏನು ಅಂಟಿತ್ತು?"

"ಹೇಳಲ್ಲಪ್ಪ, ನಾಚಿಕೆಯಾಗುತ್ತೆ."

ಒಂದು ಅಂಜೂರ ನನ್ನ ಹಣೆಗೆ ಬಂದು ಬಡಿಯಿತು. ಆ ಬೇಸಗೆಯಷ್ಟು ಸಿಹಿ ಹಣ್ಣು ನಮ್ಮ ಅಬ್ದೇರ ಪಟ್ಟಣದಲ್ಲಿ ಮತ್ತೆಂದೂ ಬಿಡಲಿಲ್ಲ. ಅಥವಾ ನನ್ನ ನಾಲಿಗೆಗೆ ವಯಸ್ಸಾಯಿತೇನೋ.

ಎಲೆ ಹಣ್ಣಾಗುವ ಹೊತ್ತಿಗೆ ಥಾಸೋಸ್ ದ್ವೀಪದ ದ್ರಾಕ್ಷಾರಸದ ವ್ಯಾಪಾರಿಯೊಬ್ಬ ತನ್ನ ಮಗನಿಗೆ ಅವಳನ್ನು ಕೇಳಿದ. ಅವಳಪ್ಪ ಮರುದಿನ ಮಾತು ಕೊಡುವುದೆಂದಾಯಿತು. ಮಾತು ಕೊಡುವ ಹಿಂದಿನ ದಿನ ಬೆಳಗ್ಗೆ ನಾನು ಗೋಡೆಯ ಬಳಿ ನಿಂತು ಹೇಳಿದೆ: "ನೀನು ನಮ್ಮ ಹೊಸ್ತಿಲಲ್ಲಿ ನಿಂತು 'ಬಂದು ಅಪ್ಪನ್ನ ಕೇಳು' ಅಂದ ಹಾಗೆ ಕನಸು ಬಿತ್ತು."

ಅವಳ ಕಣ್ಣು ಹೊಳೆಯಿತು. "ಮತ್ತೆ? ಕೇಳ್ತೀಯಾ?"

"ಅದೇ ಯೋಚ್ನೆ. ಎಲೆ ಉದುರೋ ಕಾಲದ ಕನಸು ನಂಬಬಾರದಂತೆ. ಬೀಳೋ ಎಲೆ ಗಾಳೀನ ಕಲಕಿಬಿಡುತ್ತೆ, ಬಿಂಬಗಳು ಹರಿದು ಚೂರಾಗಿ ಬರ್ತವೆ. ನೀನು 'ಬರಬೇಡ' ಅಂದಿದ್ರೂ ನಂಗೆ 'ಬಾ' ಅಂತ ಕೇಳಿಸಿರಬಹುದು. ವಸಂತ ಬರ್ಲಿ, ಆಗ ಇನ್ನೊಂದ್ಸಲ ಬಿದ್ರೆ..."

"ವಸಂತಕ್ಕೆ ನಾನು ಥಾಸೋಸಲ್ಲಿ ಇನ್ನೊಬ್ಬನ ಹೊಸ್ತಿಲಲ್ಲಿ ನಿಂತಿರ್ತೀನಿ, ಪಂಡಿತಾ!"

ಬಾಗಿಲು ದಡಾರನೆ ಮುಚ್ಚಿತು.

ಮಧ್ಯಾಹ್ನ ಜೊಂಪು ಹತ್ತಿತ್ತು. ಪರಪರ ಸದ್ದಿಗೆ ಎದ್ದು ಹೊರಗೆ ಬಂದೆ. ಎರಡು ಅಂಗಳಗಳ ನಡುವಿನ ಅಂಜೂರದ ಮರದ ಮೇಲೆ ಮೆಲಿಟ್ಟ! ಸಿಕ್ಕ ಸಿಕ್ಕ ಎಲೆಗಳನ್ನೆಲ್ಲ ಕಿತ್ತು ಎಸೆಯುತ್ತಿದ್ದಾಳೆ. ಮರದ ಹಾಲು ತಗುಲಿ ತೋಳೆಲ್ಲ ಕೆಂಪಗೆ ದದ್ದು ಎದ್ದಿದೆ. ಕೆಳಗೆ ಅವಳಮ್ಮ, "ಹುಚ್ಚು ಹಿಡೀತೇನೇ? ಇಳಿಯೇ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದಾರೆ.

ಕೊನೆಯ ಎಲೆಯನ್ನು ನನ್ನ ತಲೆಯ ಮೇಲೇ ಹಾಕಿ ಅವಳೆಂದಳು: "ನೋಡು. ನಿಮ್ಮನೆಗೂ ನಮ್ಮನೆಗೂ ಮಧ್ಯೆ ಇನ್ನು ಉದುರೋಕೆ ಒಂದೆಲೇನೂ ಇಲ್ಲ. ಈಗ ಮತ್ತೆ ಹೋಗಿ ಮಲಗ್ತೀಯೋ, ಎಚ್ಚರವಾಗಿದ್ದಾಗ್ಲೇ ಬಂದು ಕೇಳ್ತೀಯೋ?"

ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ಅವಳಪ್ಪ ಬೋಳು ಮರ ನೋಡಿದರು, ಮಗಳ ಕೈ ನೋಡಿದರು, ನನ್ನ ಬರಿಗಾಲು ನೋಡಿದರು. "ಕರ್ಕೊಂಡು ಹೋಗಪ್ಪ," ಎಂದರು, "ಇಲ್ದಿದ್ರೆ ನಾಳೆ ಆಲಿವ್ ತೋಪಿಗೂ ಕೈ ಹಾಕ್ತಾಳೆ."

ಎಷ್ಟು ಸುಗ್ಗಿಗಳನ್ನು ಜೊತೆಯಾಗಿ ಕಂಡೆವು! ಈಗ ಮೆಲಿಟ್ಟ ಇಲ್ಲ. ಗಾಳಿ ತಣ್ಣಗಾಗುತ್ತಿದ್ದಂತೆ ನಾನು ಆ ಮರದ ಎಲೆಗಳನ್ನು ಕೀಳಲು ನಿಲ್ಲುತ್ತೇನೆ. ಬೀದಿಯವರು ನಗುತ್ತಾರೆ, ನಗಲಿ. ಮೇಲಿನ ಕೊಂಬೆ ಈಗ ಕೈಗೆ ಎಟಕುವುದಿಲ್ಲ. ಅಲ್ಲಿಂದ ಕೆಲವು ಎಲೆ ಉದುರಿಯೇ ಉದುರುತ್ತವೆ. ಅದಕ್ಕೇ ಇರಬೇಕು, ಕನಸಿಗೆ ಬಂದಾಗ ಅವಳ ಮುಖ ತುಸು ಮಸುಕು.

"ಪಂಡಿತಾ, ಚಪ್ಪಲಿ ಹಾಕ್ಕೋ, ಶೀತ ಆಗುತ್ತೆ" ಎಂಬ ಬೈಗುಳ ಮಾತ್ರ ಒಂದಕ್ಷರವೂ ಹರಿಯದೆ ಬರುತ್ತದೆ.