ಹೆಚ್ಚಾದ ಹೊಲಿಗೆ

ನರಗುಂದದ ಕಾಲೇಜಿನಲ್ಲಿ, ಎಂಬತ್ತು ವಿದ್ಯಾರ್ಥಿಗಳ ಮುಂದೆ, ನನ್ನ ಕೈಯಲ್ಲಿದ್ದ ಬಟ್ಟೆ ಚಂಚಿಯ ಬಾಯಿ ಮುಚ್ಚಲೇ ಇಲ್ಲ. ದಾರ ಎಳೆದೆ, ಮತ್ತೆ ಎಳೆದೆ. ಯಾರೋ ಕಿಸಕ್ಕನೆ ನಕ್ಕರು.

"ದರ್ಜಿ ತಪ್ಪು ಹೊಲದಾನ. ಹೇಳಿದ್ದು ತಿಳಿದಿಲ್ಲ ಅವಗ," ಎಂದುಬಿಟ್ಟೆ.

ಆ ದರ್ಜಿ ಖಾದರ, ಹೊಸ ಆಕಾಶನೀಲಿ ಅಂಗಿ ತೊಟ್ಟು ಕೊನೆಯ ಸಾಲಿನಲ್ಲೇ ಕೂತಿದ್ದ. ನನ್ನೂರು ಗಜೇಂದ್ರಗಡದಿಂದ ಅವನನ್ನು ಕರೆಸಿದವಳು ನಾನೇ. ಭಾಷಣ ಮುಗಿದ ಮೇಲೆ ಮನಸ್ಸಿನ ಮಾತು ಹೇಳಬೇಕೆಂದಿದ್ದೆ. ಅವನು ತಲೆ ತಗ್ಗಿಸಿ ಎದ್ದು ಹೋದ. ಅದು 2005ರ ಮಾತು. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆಗ ನಾನು ಧಾರವಾಡದಲ್ಲಿ ಯೀಸ್ಟ್ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಯೀಸ್ಟ್ ಕೋಶ ಎರಡಾಗುವಾಗ ಅದರ ನಡುವಿಗೆ ಆಕ್ಟಿನ್ ಎಂಬ ಎಳೆಗಳ ಉಂಗುರ ಕಟ್ಟಿಕೊಳ್ಳುತ್ತದೆ. ಅದು ಬಿಗಿಯುತ್ತ ಹೋದಂತೆ ಕೋಶ ಎರಡಾಗುತ್ತದೆ. ಎಳೆಗೆ ಎಳೆ ಜೋಡಿಸಿ ಹಿಡಿಯುವ ಪ್ರೋಟೀನುಗಳಿವೆ. ಅವಿಲ್ಲದಿದ್ದರೆ ಉಂಗುರ ಸರಿಯಾಗಿ ಕೂಡುವುದಿಲ್ಲ. ಇದನ್ನು ತೋರಿಸಲೆಂದೇ ಎಲೆ-ಅಡಿಕೆಯ ಚಂಚಿಯೊಂದನ್ನು ಹೊಲಿಸಿದ್ದೆ. ಬಾಯಿಯ ದಾರವೇ ಉಂಗುರ, ದಾರದ ಎಳೆಗಳ ನಡುವಿನ ಅಡ್ಡ ಹೊಲಿಗೆಗಳೇ ಪ್ರೋಟೀನು. ಗಟ್ಟಿಯಾಗಲಿ ಎಂದು ಹೊಲಿಗೆ ಜಾಸ್ತಿ ಹಾಕಿಸಿದೆ.

"ಇಷ್ಟು ಹೊಲಿಗಿ ಹಾಕಿದ್ರ ದಾರ ಜಾರಂಗಿಲ್ಲ, ಇಷ್ರತ," ಎಂದಿದ್ದ ಖಾದರ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಓರೆಗಣ್ಣಿನಲ್ಲಿ ನನ್ನನ್ನು ನೋಡುತ್ತ. ಆ ನೋಟಕ್ಕೆ ಸೋತದ್ದು ಗೊತ್ತಾಗಬಾರದೆಂದು, ಹೊಲಿಗೆ ನಿಮ್ಮದು, ವಿಜ್ಞಾನ ನನ್ನದು ಎಂದು ಜಂಬ ಮಾಡಿದ್ದೆ.

ಭಾಷಣವಾಗಿ ತಿಂಗಳಿಗೆ, ಪ್ರಯೋಗಕ್ಕೆಂದು ಅದೇ ಪ್ರೋಟೀನನ್ನು ಕೋಶಗಳಲ್ಲಿ ವಿಪರೀತ ಹೆಚ್ಚಿಸಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಂಗುರ ಬಿಗಿಯಲಾರದೆ, ಕೋಶಗಳು ಎರಡಾಗದೆ ನಿಂತುಬಿಟ್ಟಿದ್ದವು. ಅತಿಯಾದರೆ ಅಮೃತವೂ ವಿಷ ಎಂಬುದನ್ನು ನನಗಿಂತ ಮೊದಲು ದರ್ಜಿ ತಿಳಿದಿದ್ದ. ನಾಚಿಕೆಯಿಂದ ನನಗೆ ಎರಡು ದಿನ ಊಟ ಸೇರಲಿಲ್ಲ.

ಮತ್ತೆ ನರಗುಂದಕ್ಕೆ ಹೋದೆ. ಅದೇ ವಿದ್ಯಾರ್ಥಿಗಳೆದುರು ನಿಂತು, ತಪ್ಪು ನನ್ನದು, ಖಾದರ ಅವರು ಬೇಡವೆಂದೇ ಹೇಳಿದ್ದರು ಎಂದೆ. ಈ ಸಲ ಯಾರೂ ನಗಲಿಲ್ಲ. ಅಲ್ಲಿಂದ ನೇರವಾಗಿ ಗಜೇಂದ್ರಗಡದ ಅವನ ಅಂಗಡಿಗೆ ಬಂದೆ.

"ಬರ್ರಿ ಮೇಡಂ," ಎಂದ. ಆ ಮೇಡಂ ಚುಚ್ಚಿತು. ನೀಲಿ ಅಂಗಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಅದರ ಹೆಗಲ ಮೇಲೆ ಧೂಳು ಕೂತಿತ್ತು.

ಕಾಲೇಜಿನಲ್ಲಿ ಹೇಳಿದ್ದನ್ನೆಲ್ಲ ಹೇಳಿ ಚಂಚಿ ಮುಂದಿಟ್ಟೆ. ಅವನು ಕತ್ತರಿ ತೆಗೆದುಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದ. ನಾಲ್ಕನ್ನು ಉಳಿಸಿ ನನ್ನ ಕೈಗೆ ಕೊಟ್ಟ. ದಾರ ಎಳೆದೆ. ಬಾಯಿ ಮುಚ್ಚಿತು.

"ಅವತ್ತ ನಿಮ್ಮನ್ನ ಕರದದ್ದು ಚಂಚಿ ತೋರ್ಸಾಕ ಅಲ್ಲ," ಎಂದೆ. "ನಿಮ್ಮ ಮ್ಯಾಲೆ ಮನಸ್ಸೈತಿ ಅಂತ ಹೇಳಾಕ. ಈಗ ಹೇಳಾಕೂ ನಾಚಿಕಿ ಬರ್ತೈತಿ."

ಅವನು ಮಷಿನ್ನು ಬಿಟ್ಟು ಎದ್ದು, ಮೊಳೆಯಿಂದ ಅಂಗಿ ತೆಗೆದು ಧೂಳು ಝಾಡಿಸಿದ.

"ಇಷ್ರತ, ನಿಮ್ಮ ಅಬ್ಬಾ ನಾಳೆ ಎಷ್ಟೊತ್ತಿಗೆ ಮನ್ಯಾಗಿರ್ತಾರ?"