ಅರ್ಧ ಡೋಸ್

2025ರ ಫೆಬ್ರವರಿ 11, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಧನುಶ್ರೀ ದೊಡ್ಡಬಳ್ಳಾಪುರ ಠಾಣೆಗೆ ಬಂದು ದೂರು ಕೊಟ್ಟಳು. ಪವರ್‌ಲೂಮ್‌ನ ಲಾಳಿ ತಗುಲಿ ಕೈ ಸೀಳಿಕೊಂಡಿದ್ದ ಆಕೆಯ ತಂದೆ ನರಸಿಂಹಯ್ಯ ಹಿಂದಿನ ದಿನ ಖಾಸಗಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಗಾಯಕ್ಕೆ ಹತ್ತಿದ್ದ ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾದ ಸೋಂಕು ಯಾವ ಆಂಟಿಬಯೋಟಿಕ್‌ಗೂ ಜಗ್ಗಿರಲಿಲ್ಲ. ಕೊನೆಗೆ ಕೈಗಾರಿಕಾ ಪ್ರದೇಶದ ಕಂಪನಿಯೊಂದು ಪ್ರಯೋಗಕ್ಕೆ ಬಿಟ್ಟಿದ್ದ ಹೊಸ ಔಷಧಿ ಹಾಕಿದ್ದರು.

"ಅದೇ ಔಷಧಿ ಹಾಕಿಸ್ಕೊಂಡೋರು ಬೆಂಗ್ಳೂರಲ್ಲಿ ಎದ್ದು ಓಡಾಡ್ತವ್ರೆ ಮೇಡಂ. ನಮ್ಮಪ್ಪಂಗೆ ಮಾತ್ರ ಯಾಕೆ ಹತ್ಲಿಲ್ಲ?"

ಇನ್ಸ್‌ಪೆಕ್ಟರ್ ಮಮತ ನಿರ್ಲಕ್ಷ್ಯದಿಂದಾದ ಸಾವೆಂದು ಎಫ್‌ಐಆರ್ ದಾಖಲಿಸಿದಳು. ಕಂಪನಿಯವರೇ ಏನೋ ಮುಚ್ಚಿಡುತ್ತಿದ್ದಾರೆಂಬ ಗುಮಾನಿ ಅವಳಿಗೆ.

ಮರುದಿನ ಕಂಪನಿಯ ವಿಜ್ಞಾನಿ ಸಂಘಮಿತ್ರಳನ್ನು ಕೂರಿಸಿ ಕೇಳಿದಳು.

"ಔಷಧಿ ನಕಲೀನಾ?"

"ಅಲ್ಲ ಮೇಡಂ. ಅದೇ ಬ್ಯಾಚಿನ ಬಾಟಲಿ ಮತ್ತೆ ಪರೀಕ್ಷೆ ಮಾಡಿದ್ವಿ. ಸರಿಯಾಗಿದೆ."

"ಮತ್ಯಾಕೆ ಅವ್ರಿಗೆ ಹತ್ಲಿಲ್ಲ?"

ಸಂಘಮಿತ್ರ ಬಾಗಿಲ ಕಡೆ ನೋಡಿ ಒಂದು ಕಡತ ಮುಂದೆ ತಳ್ಳಿದಳು. "ಅವರ ರಕ್ತದಲ್ಲಿ ಇರಬೇಕಾದ ಔಷಧಿಯಲ್ಲಿ ಅರ್ಧ ಮಾತ್ರ ಇತ್ತು. ಸದ್ಯಕ್ಕೆ ಬಾಯಿ ಬಿಡ್ಬೇಡಿ ಅಂದ್ರು ಮೇಲಿನೋರು."

ಬಾಟಲಿ ತುಂಬ ಇದ್ದದ್ದು ರಕ್ತ ಸೇರುವಾಗ ಅರ್ಧವಾಗಿತ್ತು. ನಡುವೆ ಇದ್ದದ್ದು ಆಸ್ಪತ್ರೆಯಲ್ಲಿ ಡ್ರಿಪ್‌ಗೆ ಔಷಧಿ ಬೆರೆಸುವ ಕೋಣೆ. ಅಲ್ಲಿ ಕೆಲಸ ಮಾಡುತ್ತಿದ್ದವನು ಫಾರ್ಮಸಿಸ್ಟ್ ಮಂಜೇಶ್ ಒಬ್ಬನೇ. ಹೆಡ್ ಕಾನ್‌ಸ್ಟೇಬಲ್ ಬೀರೇಶ್ ತಂದ ಸಿಸಿಟಿವಿ ದೃಶ್ಯಗಳಲ್ಲಿ ಅವನು ದಿನವೂ ಸಂಜೆ ನಾಲ್ಕೂ ಹತ್ತಕ್ಕೆ ಫ್ರಿಜ್‌ನಿಂದ ಒಂದು ಫ್ಲಾಸ್ಕ್ ತೆಗೆದುಕೊಂಡು ಹೊರಡುತ್ತಿದ್ದ.

"ಏನದು?" ಮಮತ ಅವನನ್ನು ಕರೆಸಿ ಕೇಳಿದಳು.

"ಟೀ ಮೇಡಂ."

"ಫ್ರಿಜ್ಜಲ್ಲಿಟ್ಟು ಟೀ ಕುಡೀತಾರೇನಪ್ಪಾ?" ಎಂದ ಬೀರೇಶ್.



14ನೇ ತಾರೀಕು ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ, ಅರಿಶಿನಕುಂಟೆಯ ಅವನ ಮನೆಯನ್ನು ಪಂಚರ ಎದುರು ಶೋಧಿಸಿದರು. ಫ್ರಿಜ್ಜಿನಲ್ಲಿ, ತರಕಾರಿ ಡಬ್ಬಿಯ ಹಿಂದೆ, ಆರು ಸಿರಿಂಜ್‌ಗಳಲ್ಲಿ ಅದೇ ಔಷಧಿ ಇತ್ತು. ಒಳಕೋಣೆಯ ಮಂಚದ ಮೇಲೆ ಅವನ ಹೆಂಡತಿ ಚೈತ್ರ ಜ್ವರದಲ್ಲಿ ಬೇಯುತ್ತಿದ್ದಳು. ಸಿಸೇರಿಯನ್ ಆಗಿ ಎರಡು ತಿಂಗಳಾದರೂ ಹೊಲಿಗೆ ಕೀವು ಬಿಡುತ್ತಿತ್ತು. ಮಮತ ಮೊದಲು ಆಂಬುಲೆನ್ಸ್ ಕರೆಸಿದಳು, ಆಮೇಲೆ ಪಂಚನಾಮೆ ಬರೆಸಿದಳು.

ಆಂಬುಲೆನ್ಸ್ ಹೊರಟ ಮೇಲೆ ಮಂಜೇಶ್ ಹೊಸಿಲ ಮೇಲೆ ಕುಸಿದು ಕೂತ.

"ಇವ್ಳಿಗೂ ಅದೇ ಸೋಂಕು. ಇವ್ಳನ್ನೂ ಪ್ರಯೋಗಕ್ಕೆ ಸೇರಿಸ್ಕೊಳ್ಳಿ ಅಂತ ಮೂರು ಸಲ ಬರ್ಕೊಟ್ಟೆ ಮೇಡಂ. ಕಿಡ್ನಿ ವೀಕು, ಆಗಲ್ಲ ಅಂದ್ರು. ಅರ್ಧ ಅವ್ರಿಗೆ, ಅರ್ಧ ಇವ್ಳಿಗೆ ಹಾಕಿದ್ರೆ ಇಬ್ರೂ ಉಳ್ಕೋತಾರೆ ಅನ್ಕೊಂಡ್ಬಿಟ್ಟೆ."

"ನರಸಿಂಹಯ್ಯನವ್ರು ಸೊರಗ್ತಾ ಇದ್ದದ್ದು ಕಾಣ್ಲಿಲ್ವಾ?"

"ಕಾಣ್ತಿತ್ತು."

11.45ಕ್ಕೆ ಅವನನ್ನು ಬಂಧಿಸಿದರು. ಮಮತ ಧನುಶ್ರೀಗೆ ಫೋನಿನಲ್ಲಿ ವಿಷಯವೆಲ್ಲ ತಿಳಿಸಿದಳು. "ಅವ್ನ ಹೆಂಡ್ತಿ, ಆಯಮ್ಮ ಬದುಕವ್ರಾ?" ಎಂದಳು ಧನುಶ್ರೀ.

"ಇದ್ದಾರೆ."

ಹತ್ತು ದಿನಕ್ಕೆ ಸಂಘಮಿತ್ರಳ ಲ್ಯಾಬ್ ವರದಿ ಬಂತು. ಅರ್ಧ ಡೋಸ್ ಹಾಕಿ ಹಾಕಿ ಚೈತ್ರಳ ಮೈಯಲ್ಲಿದ್ದ ಸೋಂಕು ಅದನ್ನು ತಡೆದುಕೊಳ್ಳುವುದನ್ನು ಕಲಿತುಬಿಟ್ಟಿತ್ತು; ಇನ್ನು ಈ ಹೊಸ ಔಷಧಿಯೂ ಆಕೆಗೆ ನಾಟುವುದಿಲ್ಲ.

"ಜೈಲಲ್ಲಿರೋನಿಗೆ ಇದನ್ನ ಯಾರು ಹೇಳ್ತಾರೆ ಮೇಡಂ?" ಎಂದ ಬೀರೇಶ್.

ಮಮತ ವರದಿಯನ್ನು ಕಡತಕ್ಕೆ ಸೇರಿಸಿ, ಟೋಪಿ ತೆಗೆದುಕೊಂಡು ಜೈಲಿನ ಕಡೆ ಹೊರಟಳು.